ಮೂಗಿಗೆ ಎಂಜಲಿಲ್ಲ

ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಒಂದು ಗಾಜಿನ ಲೋಟವಿದೆ. ಲೋಟ ಅಂದ ತಕ್ಷಣ ನೀವು ನೀರು ಕುಡಿಯುವುದನ್ನು ನೆನೆಸಿಕೊಳ್ಳಬೇಡಿ. ಕೊಕ್ಕರೆ ಒಂಟಿ ಕಾಲಲ್ಲಿ ನಿಂತ ಹಾಗೆ ಉದ್ದನೆಯದೊಂದು ಕಡ್ಡಿ, ಅದರ ಮೇಲೆ ಗುಂಡನೆಯ ಹೊಟ್ಟೆ. ವೈನ್ ಕುಡಿಯುವ ಲೋಟ. ನನ್ನ ಹೆಂಡತಿ ವಿಶಾಲಾಕ್ಷಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. ಎಸೆಯುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ. ಗಾಜು ಗಟ್ಟಿ, ನೋಡುವುದಕ್ಕೆ ಲಕ್ಷಣವಾಗಿಯೂ ಇದೆ. ಹಾಗಾಗಿ ಈಗ ಅದರ ಹೊಟ್ಟೆಯಲ್ಲಿ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ಮುಗಿದುಹೋದ ಶೆಲ್ಲುಗಳಿವೆ. ಮನೆಗೆ ಬಂದವರು ಮೊದಲು ಲೋಟ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಪದ್ಮನಾಭನಗರದಲ್ಲಿ ಮದುವೆ ಅಡುಗೆ ವೆಂಕಟೇಶ ಅಂದರೆ ಒಂದು ಹೆಸರಿದೆ, ಅವನ ಮನೆಯಲ್ಲಿ ಇದೇನು ಎಂದು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ನೀವೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಾನು ಬಿಟ್ಟೆ ಅನ್ನುವುದಕ್ಕಿಂತ ನನ್ನ ಮೂಗು ಬಿಡಿಸಿತು ಅನ್ನಬೇಕು. ವಿಲ್ಸನ್ ಗಾರ್ಡನ್ನಿನಲ್ಲಿ ನಮ್ಮ ಸ್ಕೂಲಿನ ಬೆನ್ನಿಗೇ ಒಂದು ಛತ್ರವಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಕಿಟಕಿಯಿಂದ ಕೊತ್ತಂಬರಿ ಬೀಜ ಹುರಿಯುವ ವಾಸನೆ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಪಕ್ಕದವನಿಗೆ, "ಮೆಂತ್ಯ ಸೀದೋಯ್ತು ಕಣೋ, ಇವತ್ತಿನ ಹುಳಿ ಕಹಿ" ಎಂದೆ. ಮೇಷ್ಟ್ರಿಗೆ ಕೇಳಿಸಿತು. "ಲೋ, ತಲೆ ಇಲ್ಲಿಟ್ಟು ಮೂಗು ಆಚೆ ಕಳಿಸ್ತೀಯಲ್ಲೋ. ಆ ತಲೇನೂ ಅಲ್ಲಿಗೇ ತಗೊಂಡೋಗು" ಎಂದರು. ನಾನು ದೊಡ್ಡವರ ಮಾತು ಕೇಳುವ ಹುಡುಗ. ತೆಗೆದುಕೊಂಡು ಹೋದೆ.

ಆ ಛತ್ರದಲ್ಲಿ ಅಡುಗೆ ಮಾಡುತ್ತಿದ್ದದ್ದು ನನ್ನ ಸೋದರಮಾವ, ಸುಬ್ಬಣ್ಣ ಮಾವ. ಮೊದಲ ದಿನವೇ ನಾನು ಕುದಿಯುವ ಹುಳಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಸೌಟಿನ ಹಿಡಿ ಬಂದು ಮಣಿಕಟ್ಟಿನ ಮೇಲೆ ಬಿತ್ತು. "ದೇವರಿಗೆ ತೋರಿಸಿಲ್ಲ, ಬೀಗರಿಗೆ ಬಡಿಸಿಲ್ಲ. ನೀನ್ಯಾವ ದೊಡ್ಡ ಮನುಷ್ಯ ಕಣಯ್ಯ ಮೊದಲು ಎಂಜಲು ಮಾಡೋಕೆ?"

"ಉಪ್ಪು ನೋಡ್ದೆ ಮಾವ."

"ಉಪ್ಪು ನೋಡೋಕೆ ನಾಲಿಗೆ ಯಾಕೆ? ಮೂಗಿಗೆ ಎಂಜಲಿಲ್ಲ. ಬಗ್ಗು."

ನನ್ನ ಕತ್ತು ಹಿಡಿದು ಕೊಪ್ಪರಿಗೆಯ ಹಬೆಯ ಮೇಲೆ ಬಗ್ಗಿಸಿದ. "ಇದು ಕಮ್ಮಿ" ಎಂದ. ಕೈ ತುಂಬ ಉಪ್ಪು ಹಾಕಿ ಕೈಯಾಡಿಸಿ ಮತ್ತೆ ಬಗ್ಗಿಸಿದ. "ಇದು ಸರಿ." ಅವನು ಕಲಿಸಿದ ಪಾಠ ಇಷ್ಟೇ. ಉಪ್ಪಿಗೆ ವಾಸನೆಯೇ ಇಲ್ಲ ಅಂತ ಓದಿದವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಇಲ್ಲದಿರಬಹುದು. ಆದರೆ ಉಪ್ಪು ಬಿದ್ದಾಗ ಬೇಳೆಯ ವಾಸನೆ ಬೇರೆಯಾಗುತ್ತದೆ, ಹುಣಿಸೆಹಣ್ಣಿನ ಚೂಪು ಮುರಿಯುತ್ತದೆ, ಎಲ್ಲ ಸೇರಿ ಒಂದು ಕಡೆ ಕೂತುಕೊಳ್ಳುತ್ತದೆ. ನನಗೆ ಬಹಳ ದಿನ ಏನೂ ತಿಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಸೈಕಲ್ಲು ಬೀಳದೆ ಓಡಿಬಿಡುತ್ತದಲ್ಲ, ಹಾಗೆ ತಿಳಿದುಬಿಟ್ಟಿತು. ಒಬ್ಬರು ಪುರೋಹಿತರು ಮಾತ್ರ, "ಮೂಸೋದೂ ಎಂಜಲೇ ಸುಬ್ಬಣ್ಣ, ಶಾಸ್ತ್ರ ನೋಡು" ಎಂದು ತಕರಾರು ತೆಗೆದಿದ್ದರು. ಮಾವ ಸೌಟನ್ನು ಅವರ ಕೈಗೆ ಕೊಟ್ಟು, "ಮೂಗಿಗೆ ಹತ್ತಿ ಇಟ್ಕೊಂಡು ತಾವೇ ಮಾಡಿ ಸ್ವಾಮಿ" ಎಂದು ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂತ. ಅವತ್ತಿನ ಮುಹೂರ್ತದ ಊಟ ಎಷ್ಟು ತಡವಾಯಿತು ಎಂದು ಕೇಳಬೇಡಿ.

ಹೀಗೆ ಬಂದ ಮೂಗು. ಇದರ ಮೇಲೆ ನಾನು ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ. ಜಂಬವೂ ಸ್ವಲ್ಪ ಜಾಸ್ತಿಯೇ ಇತ್ತು. ಬೇರೆ ಕಂಟ್ರಾಕ್ಟರುಗಳು ಚಮಚದಲ್ಲಿ ರುಚಿ ನೋಡುವುದನ್ನು ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ, ಅವರಿಗೆ ಕಾಣುವ ಹಾಗೆಯೇ ತಿರುಗಿಸಿಕೊಳ್ಳುತ್ತಿದ್ದೆ.

ಎಲ್ಲರಿಗೂ ಬಂದ ಆ ಜ್ವರ ನನಗೂ ಬಂತು. ಹೋಯಿತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಹಾಲ್‍ನಲ್ಲಿ ಪೇಪರ್ ಹಿಡಿದು ಕೂತಿದ್ದೆ. ವಿಶಾಲಾಕ್ಷಿ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕೆಮ್ಮುತ್ತಾ ಓಡಿ ಬಂದಳು. "ಮನೆಯೆಲ್ಲ ಹೊಗೆ! ಒಗ್ಗರಣೆ ಕರಟಿ ಕಲ್ಲಿದ್ದಲಾಗಿದೆ! ಏನು ಮಾಡ್ತಿದೀರಿ ಕೂತ್ಕೊಂಡು?" ನಾನು ಪೇಪರ್ ಕೆಳಗಿಟ್ಟೆ. ಕಣ್ಣು ಉರಿಯುತ್ತಿತ್ತು. ಕಣ್ಣಿಗೆ ಹೊಗೆ ಗೊತ್ತಾಗಿತ್ತು, ಮೂಗಿಗೆ ಗೊತ್ತಾಗಿರಲಿಲ್ಲ.

ಜಯನಗರದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಬರುತ್ತೆ ಎಂದರು. ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ, ಇಂಗು ಇವನ್ನು ಒಂದೊಂದಾಗಿ ಮೂಸಿ, ಆ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಿ ಎಂದರು. ನಾನು ಸ್ಕೂಲಿನಲ್ಲಿ ಮಾಡದ ಹೋಂವರ್ಕನ್ನು ಈ ವಯಸ್ಸಿನಲ್ಲಿ ಮಾಡಿದೆ. ಇಂಗಿನ ಡಬ್ಬಿಗೆ ಮೂಗಿಟ್ಟು ಕಣ್ಣು ಮುಚ್ಚಿ ಕೂತರೆ ಖಾಲಿ ಡಬ್ಬಿಗೆ ಮೂಗಿಟ್ಟ ಹಾಗೆ. ಇಂಗು, ನೋಡಿ! ಪಕ್ಕದ ಮನೆಯವರಿಗೂ ಬರುವ ವಾಸನೆ. ಮೊದಮೊದಲು ಮನಸ್ಸಿನಲ್ಲಾದರೂ ಅದು ಬರುತ್ತಿತ್ತು. ಬರಬರುತ್ತಾ ಇಂಗು ಅನ್ನುವ ಹೆಸರು ಮಾತ್ರ ಬರತೊಡಗಿತು.

ವಿಶಾಲಾಕ್ಷಿಯನ್ನು ಬಿಟ್ಟು ಇನ್ನು ಯಾರಿಗೂ ಹೇಳಲಿಲ್ಲ. "ಪುಟ್ಟಣ್ಣನಿಗಾದ್ರೂ ಹೇಳ್ರಿ" ಎಂದು ಅವಳು ಗೋಗರೆದಳು. ಪುಟ್ಟಣ್ಣ ನನ್ನ ಜೊತೆಯ ಅಡುಗೆಯವನು. ನನಗಿಂತ ಸ್ವಲ್ಪ ಚಿಕ್ಕವನು, ಇಬ್ಬರಿಗೂ ಒಟ್ಟಿಗೇ ಕೂದಲು ಬೆಳ್ಳಗಾಗಿದೆ. "ಬಂದ್ಬಿಡತ್ತೆ ಬಿಡೆ, ಸುಮ್ನೆ ಯಾಕೆ ಡಂಗುರ" ಎಂದೆ. ಕೈ ಲೆಕ್ಕದಲ್ಲಿ ಉಪ್ಪು ಹಾಕುತ್ತಿದ್ದೆ. ಬಡಿಸುವ ಮುಂಚೆ ಮೊದಲಿನ ಹಾಗೇ ಹಬೆಯ ಮೇಲೆ ಬಗ್ಗಿ, ಪುಟ್ಟಣ್ಣನನ್ನು, "ಹೆಂಗಿದ್ಯೋ?" ಎಂದು ಕೇಳುತ್ತಿದ್ದೆ. "ಸರಿಯಾಗಿದೆ ಅಣ್ಣ" ಅನ್ನುತ್ತಿದ್ದ. ಅವನೂ ಸುಬ್ಬಣ್ಣ ಮಾವನ ಕೈಕೆಳಗೆ ಕೆಲವು ಕಾಲ ಇದ್ದವನು. ಅವನ ಮೂಗನ್ನು ನಂಬಿಕೊಂಡು ನನ್ನ ಮಾನ ಉಳಿದಿತ್ತು.

ಈಗ ವೈನಿನ ವಿಷಯಕ್ಕೆ ಬರುತ್ತೇನೆ.

ಜೆ.ಪಿ. ನಗರದ ಅನುಪಮಾ ಮೇಡಂ ಮದುವೆಗೆ ನಾನೇ ಅಡುಗೆ ಮಾಡಿದ್ದು. ಆ ಹುಡುಗಿ ಒಳ್ಳೆಯ ಕೆಲಸ ಬಿಟ್ಟು ಕನಕಪುರ ರಸ್ತೆಯ ಆಚೆ ಎಲ್ಲೋ ದ್ರಾಕ್ಷಿ ತೋಟ ಮಾಡಿ, ಸಣ್ಣದಾಗಿ ವೈನ್ ತಯಾರಿಸುತ್ತಿದ್ದಳು. ಎಲ್ಲರೂ ಹಾಕುವ ದ್ರಾಕ್ಷಿ ಬೇಡ, ಯಾರೂ ಹಾಕದ ಜಾತಿಗಳನ್ನೇ ಹಾಕಿ ನೋಡಬೇಕು ಅನ್ನುವ ಹಟ. ಫೋನ್ ಮಾಡಿ, "ಅಂಕಲ್, ಮನೆ ಟೆರೇಸಲ್ಲಿ ಒಂದು ಟೇಸ್ಟಿಂಗ್ ಇಟ್ಕೊಂಡಿದೀನಿ. ಸ್ವಲ್ಪ ಜನ. ಚೀಸ್ ಗೀಸ್ ಬೇಡ, ಕೋಡುಬಳೆ, ಅಂಬೊಡೆ, ಬಿಸಿಬೇಳೆಬಾತ್ ಮಾಡ್ಕೊಡ್ತೀರಾ?" ಎಂದಳು.

ಹಿಂದಿನ ನಾನಾಗಿದ್ದರೆ, ಹೆಂಡದ ಜೊತೆಗೆ ನನ್ನ ಕೋಡುಬಳೆಯಾ ಎಂದು ಫೋನ್ ಇಟ್ಟುಬಿಡುತ್ತಿದ್ದೆ. ಆದರೆ ಅವಳು ಮುಂದಕ್ಕೆ ಒಂದು ಮಾತು ಹೇಳಿದಳು. "ನೀವೂ ಮೂಸಿ ನೋಡ್ಬೇಕು ಅಂಕಲ್. ನಿಮ್ಮ ಮೂಗಿನ ವಿಷ್ಯ ನಮ್ಮಮ್ಮ ಈಗ್ಲೂ ಹೇಳ್ತಾರೆ. ಕೊನೇಲಿ ಒಂದು ವೈನ್ ಇದೆ, ನಮ್ಮ ಬೆಂಗಳೂರು ನೀಲಿ ದ್ರಾಕ್ಷೀದು. ಬಾಟ್ಲಿ ಓಪನ್ ಮಾಡಿದ್ರೆ ಮನೆಯೆಲ್ಲ ಘಮ್ ಅನ್ನುತ್ತೆ."

ಆ ನೀಲಿ ದ್ರಾಕ್ಷಿ ನಿಮಗೂ ಗೊತ್ತು. ದಪ್ಪ ಸಿಪ್ಪೆ, ದಪ್ಪ ಬೀಜ, ಹಿಚುಕಿದರೆ ತಿರುಳು ಪಿಚಕ್ ಅಂತ ಬಾಯಿಗೆ ಹಾರುತ್ತದೆ. ವಿಲ್ಸನ್ ಗಾರ್ಡನ್ನಿನ ನಮ್ಮ ಬೀದಿಗೆ ತಳ್ಳುಗಾಡಿ ತಿರುವಿನಲ್ಲಿ ಬರುವ ಮುಂಚೆಯೇ ವಾಸನೆ ಬಂದಿರುತ್ತಿತ್ತು. ನಾವು ಮೆಟ್ಟಿಲ ಮೇಲೆ ಕೂತು ಬೀಜವನ್ನು ಎದುರುಮನೆ ಕಾಂಪೌಂಡಿಗೆ ಉಗಿಯುವ ಪಂದ್ಯ ಆಡುತ್ತಿದ್ದೆವು. ಎದುರುಮನೆ ಅಜ್ಜಿ, "ನಿಮ್ಮ ವಂಶ ಉದ್ಧಾರ ಆಗ, ನನ್ನ ಅಂಗಳದಲ್ಲೇ ತೋಟ ಆಗೋಯ್ತಲ್ರೋ" ಎಂದು ಬೈಯುತ್ತಿದ್ದರು. ಸಂಜೆ ಕೈ ತೊಳೆದರೂ ಬೆರಳಿನಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅಮ್ಮ ಮಲಗಿಸುವಾಗ ನನ್ನ ಕೈ ಮೂಸಿ, "ಕಳ್ಳ, ತಿಂದೆಯಾ" ಅನ್ನುತ್ತಿದ್ದಳು. ಡಾಕ್ಟರು ಲವಂಗ, ನಿಂಬೆ ಅಂದರೇ ಹೊರತು ಇದನ್ನು ಹೇಳಿರಲಿಲ್ಲ. ನನ್ನ ಮೂಗನ್ನು ಎಬ್ಬಿಸುವಂಥದ್ದು ಈ ಲೋಕದಲ್ಲಿ ಏನಾದರೂ ಉಳಿದಿದ್ದರೆ ಇದೇ ಎಂದು ನನಗೆ ಅವತ್ತು ಬಲವಾಗಿ ಅನ್ನಿಸಿಬಿಟ್ಟಿತು. ಒಪ್ಪಿಕೊಂಡೆ. ವಿಶಾಲಾಕ್ಷಿಗೆ, ಕಿಟ್ಟಿ ಪಾರ್ಟಿ ಎಂದು ಹೇಳಿದೆ.

ಭಾನುವಾರ ಸಾಯಂಕಾಲ. ಟೆರೇಸಿನ ಮೇಲೆ ಬೆಣ್ಣೆಹಣ್ಣಿನ ಮರದ ನೆರಳು, ಬಿಳಿ ಬಟ್ಟೆ ಹಾಸಿದ ಮೇಜು, ಸಾಲಾಗಿ ಒಂಟಿಕಾಲಿನ ಲೋಟಗಳು. ನಾವು ಒಂದು ಮೂಲೆಯಲ್ಲಿ ಪಾತ್ರೆ ಇಳಿಸಿಕೊಂಡೆವು. ಅನುಪಮಾ ಓಡಿ ಬಂದು, "ಪುಟ್ಟಣ್ಣ, ಅರ್ಜೆಂಟಾಗಿ ಒಂದು ಬಕೆಟ್ ಕೊಡ್ತೀರಾ?" ಎಂದಳು. ಬಕೆಟ್ ಅಂದರೆ ಪುಟ್ಟಣ್ಣನಿಗೆ ಒಂದೇ ಅರ್ಥ. ನಾವು ಪಂಕ್ತಿಯಲ್ಲಿ ಹುಳಿ ಬಡಿಸುವ, ಫಳಫಳ ಬೆಳಗಿದ ಸ್ಟೀಲ್ ಬಕೆಟ್ಟನ್ನು ಒರೆಸಿ ಕೊಟ್ಟ. ಇವರಿಗೂ ಬಡಿಸುವ ಪದ್ಧತಿ ಇದೆಯಲ್ಲ ಎಂದು ಅವನಿಗೆ ಸಂತೋಷವೇ ಆಯಿತು.

ಮೊದಲನೆಯ ವೈನ್ ಬಂತು. ಸಪೆರಾವಿ ಅಂತೆ, ಕಪ್ಪು ಸಮುದ್ರದ ಪಕ್ಕದ ಯಾವುದೋ ದೇಶದ ದ್ರಾಕ್ಷಿ; ಸಿಪ್ಪೆಯಷ್ಟೇ ಅಲ್ಲದೆ ತಿರುಳೂ ಕೆಂಪಂತೆ. ಎಲ್ಲರೂ ಲೋಟವನ್ನು ಗಿರಗಿರ ತಿರುಗಿಸಿದರು. ಮೂಗನ್ನು ಒಳಗೆ ತೂರಿಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದರು. ಆಮೇಲೆ ಒಬ್ಬ ಗಡ್ಡದ ಸಾರ್ ಎದ್ದು ಹೋಗಿ ನಮ್ಮ ಹುಳಿ ಬಕೆಟ್ಟಿಗೆ ಪಿಚಕ್ಕೆಂದು ಉಗಿದರು. ಅವರ ಹಿಂದೆ ಒಬ್ಬರು ಮೇಡಂ, ಬಹಳ ನಯವಾಗಿ, ಸೆರಗು ಹಿಡಿದುಕೊಂಡು. ನುಂಗಿದರೆ ಅಮಲೇರಿ ಮುಂದಿನದರ ರುಚಿ ತಿಳಿಯುವುದಿಲ್ಲವಂತೆ.

ಪುಟ್ಟಣ್ಣ ನನ್ನ ತೋಳು ಹಿಡಿದುಕೊಂಡ. "ಅಣ್ಣ... ಬಕೆಟ್ಟು..."

"ಹೋಯ್ತು ಬಿಡು."

"ನಿನ್ನೆ ಹುಣಿಸೆಹಣ್ಣು ಹಾಕಿ ಉಜ್ಜಿದ್ದು ಅಣ್ಣ!"

"ಇನ್ಮೇಲೆ ಇಲ್ಲೇ ಇರುತ್ತೆ. ಸುಮ್ನಿರು."

ಎಂಜಲಿಗೆ ಹೆದರಿ ಜೀವನವೆಲ್ಲ ನಾಲಿಗೆ ಮಡಿಚಿಟ್ಟುಕೊಂಡವನ ಮುಂದೆ ಎಂಜಲಿನದೇ ಒಂದು ಸಮಾರಾಧನೆ. ನಗು ಬಂದಿತ್ತು. ಆದರೆ ಅವರು ಮಾತಾಡತೊಡಗಿದಾಗ ನಗು ನಿಂತಿತು. "ನೇರಳೆಹಣ್ಣು ಇದೆ." "ಹಳೇ ಚರ್ಮದ ಚಪ್ಪಲಿ." "ತಂಬಾಕು, ಸ್ವಲ್ಪ ಹಿಂದಿಂದ ಬರುತ್ತೆ." "ಮೊದಲ ಮಳೆ ಬಿದ್ದ ಮಣ್ಣು." ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮತ್ತೆ ಮೂಸಿ, "ಹೌದು, ಈಗ ಸಿಕ್ತು" ಅನ್ನುತ್ತಿದ್ದರು. ಒಬ್ಬರ ಮೂಗಿನಲ್ಲಿದ್ದದ್ದು ಮಾತಾಗಿ ಹೊರಗೆ ಬಂದು ಇನ್ನೊಬ್ಬರ ಮೂಗಿಗೆ ಹೋಗುತ್ತಿತ್ತು. ಇಂಥದ್ದನ್ನು ನಾನು ಯಾವ ಅಡುಗೆಮನೆಯಲ್ಲೂ ನೋಡಿರಲಿಲ್ಲ.

ನನಗೂ ಒಂದು ಲೋಟ ಕೊಟ್ಟರು. ಅಲ್ಲಿಯವರೆಗೆ ನನ್ನ ಬಾಯಿಗೆ ಹೋಗಿದ್ದ ಅತಿ ಅಮಲಿನ ಪದಾರ್ಥ ಅಂದರೆ ಸುಣ್ಣ ಹೆಚ್ಚಾದ ಎಲೆ ಅಡಿಕೆ. ಮೂಸಿದೆ. ಏನೂ ಇಲ್ಲ, ತಣ್ಣನೆಯ ಗಾಳಿ. ಗುಟುಕರಿಸಿದೆ. ಹುಳಿ, ಆಮೇಲೆ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಅಂಟಿಕೊಂಡಿತು. "ಒಗರು" ಎಂದೆ. ಗಡ್ಡದ ಸಾರ್ ತೊಡೆ ತಟ್ಟಿಕೊಂಡರು. "ನೋಡಿ! ಒಂದೇ ಮಾತಲ್ಲಿ ಹೇಳಿಬಿಟ್ರು." ಎರಡನೆಯದು ಮಾರ್ಸಲಾನ್ ಅನ್ನುವ ಇನ್ನೊಂದು ದ್ರಾಕ್ಷಿಯದು. ಅದಕ್ಕೆ, "ಒಗರು ಕಮ್ಮಿ" ಎಂದೆ. ಅದಕ್ಕೂ ಮೆಚ್ಚಿದರು. ಏನೂ ಗೊತ್ತಿಲ್ಲದವನು ಎರಡು ಪದದಲ್ಲಿ ಪಂಡಿತನಾಗಿಬಿಟ್ಟೆ.

ಕೊನೆಗೆ ನೀಲಿ ದ್ರಾಕ್ಷಿಯ ಬಾಟಲಿ ತೆಗೆದರು. ಬಿರಡೆ ಬಿಚ್ಚಿದ್ದೇ ತಡ, ಎಲ್ಲರ ಮುಖವೂ ಚಿಕ್ಕ ಮಕ್ಕಳ ಮುಖವಾಯಿತು. ಸೆರಗು ಹಿಡಿದುಕೊಂಡಿದ್ದ ಮೇಡಂ, "ಅಯ್ಯೋ, ನಮ್ಮ ಸ್ಕೂಲ್ ಗೇಟು!" ಎಂದು ಕೂಗಿದರು. ದೂರದಲ್ಲಿ ಅಂಬೊಡೆ ಕರಿಯುತ್ತಿದ್ದ ಪುಟ್ಟಣ್ಣ ಜಾಲರಿ ಹಿಡಿದುಕೊಂಡೇ ತಿರುಗಿ, "ದ್ರಾಕ್ಷಿ ಗಾಡಿ ಅಣ್ಣ!" ಎಂದ. ಅವನಿಗೆ ಎಣ್ಣೆಯ ಹೊಗೆ ದಾಟಿ ಬಂದಿತ್ತು.

ನಾನು ಲೋಟದೊಳಕ್ಕೆ ಮೂಗು ಇಳಿಸಿದೆ. ಮೂಗಿನ ತುದಿ ವೈನಿಗೆ ತಾಗಿ ಒದ್ದೆಯಾಯಿತು. ಕಣ್ಣು ಮುಚ್ಚಿ ಮೆಟ್ಟಿಲನ್ನು, ತಳ್ಳುಗಾಡಿಯನ್ನು, ಅಮ್ಮನನ್ನು ಒಂದೊಂದಾಗಿ ಕರೆದೆ. ಮೆಟ್ಟಿಲು ಕಂಡಿತು. ಗಾಡಿ ಕಂಡಿತು. ಅಮ್ಮ ನನ್ನ ಕೈ ಮೂಸುವುದೂ ಕಂಡಿತು, ಫೋಟೋದಲ್ಲಿ ಕಂಡ ಹಾಗೆ. ಅವಳು ಏನನ್ನು ಮೂಸುತ್ತಿದ್ದಾಳೆ ಎನ್ನುವುದು ಮಾತ್ರ ಬರಲಿಲ್ಲ. ಇದು ಬಾರದ ಮೇಲೆ ಇನ್ನೇನೂ ಬರುವುದಿಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಡಾಕ್ಟರನ್ನು ಕೇಳಬೇಕಾಗಿರಲಿಲ್ಲ.

ಅನುಪಮಾ ಪಕ್ಕದಲ್ಲಿ ನಿಂತಿದ್ದಳು. "ಈ ಹಣ್ಣಲ್ಲಿ ಒಳ್ಳೇ ವೈನ್ ಆಗಲ್ಲ ಅಂತ ಎಲ್ಲರೂ ನಗ್ತಾರೆ ಅಂಕಲ್. ಇವರೆಲ್ಲ ನನ್ನ ಫ್ರೆಂಡ್ಸು, ಚೆನ್ನಾಗಿದೆ ಅಂತಾನೇ ಹೇಳ್ತಾರೆ. ನೀವು ಆ ಹಣ್ಣು ತಿಂದು ಬೆಳ್ದೋರು. ನಿಜ ಹೇಳಿ, ಸರಿಯಾಗಿದ್ಯಾ?"

ಸರಿಯಾಗಿದೆ ಅನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಆ ಹುಡುಗಿ ಬಿಸಿಲಲ್ಲಿ ನಿಂತು ಮಾಡಿದ ಕೆಲಸ ಅದು. ಕೆಲಸ ಮಾಡಿದವರು ಸರಿಯಾಗಿದೆಯಾ ಎಂದು ಕೇಳಿದಾಗ, ಮೂಸದೆ ಸರಿ ಎಂದು ಹೇಳುವುದು ನನ್ನಿಂದ ಆಗಲಿಲ್ಲ.

"ನಂಗೆ ವಾಸನೆ ಬರೋಲ್ಲಮ್ಮ" ಎಂದೆ. "ಜ್ವರ ಬಂದಾಗಿಂದ ಇಲ್ಲ. ಇದರಲ್ಲೂ ಬರ್ಲಿಲ್ಲ."

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲು ಬಂದವಳು ಏನೆಂದುಕೊಂಡಳೋ, "ಇಟ್ಕೊಳ್ಳಿ ಅಂಕಲ್" ಎಂದು ಅದನ್ನು ನನ್ನ ಕೈಯಲ್ಲೇ ಬಿಟ್ಟಳು.

ವಾಪಸ್ಸು ಬರುವಾಗ ಲಗೇಜ್ ಆಟೋದ ಹಿಂದೆ ಪಾತ್ರೆಗಳ ನಡುವೆ ನಾನು ಮತ್ತು ಪುಟ್ಟಣ್ಣ. ಬನಶಂಕರಿ ಬಸ್‍ಸ್ಟ್ಯಾಂಡಿನ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಿತು.

"ನನ್ಗೊಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?"

"ನೀನು ನೋಡ್ಕೊಳ್ತಿದ್ಯಲ್ಲ ಅಂತ ಸುಮ್ನಿದ್ದೆ."

"ನಾನೆಲ್ಲಿ ನೋಡ್ಕೊಳ್ತಿದ್ದೆ?"

"ಹೆಂಗಿದ್ಯೋ ಅಂದ್ರೆ ಸರಿಯಾಗಿದೆ ಅಂತಿರ್ಲಿಲ್ವಾ?"

"ನೀವು ಬಗ್ಗಿ ನೋಡಿ ಆಮೇಲೆ ಕೇಳ್ತಿದ್ರಿ. ನೀವು ನೋಡಿದ್ಮೇಲೆ ನಾನ್ಯಾಕೆ ಮೂಗು ತೂರಿಸ್ಲಿ? ಏನೋ ದೊಡ್ಡವರು, ಮರ್ಯಾದೆಗೆ ಒಂದು ಮಾತು ಕೇಳ್ತಾರೆ ಅಂದ್ಕೊಂಡೆ. ಸರಿಯಾಗಿಲ್ಲ ಅಂತ ನಿಮ್ಗೆ ಹೇಳೋಕಾಗುತ್ತಾ ನಾನು?"

"ಹಂಗಾದ್ರೆ ಇಷ್ಟು ಮದುವೇಲಿ ಯಾರು ನೋಡಿದ್ರು?"

"ಯಾರೂ ನೋಡಿಲ್ಲ."

ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮದುವೆ, ಮುಂಜಿ, ಸೀಮಂತ, ಗೃಹಪ್ರವೇಶ. ಅಷ್ಟು ಕೊಪ್ಪರಿಗೆ ಹುಳಿ ಯಾರೂ ನೋಡದೆ ಎಲೆಗೆ ಹೋಗಿತ್ತು. ಒಬ್ಬರೂ ಒಂದು ಮಾತು ಅಂದಿರಲಿಲ್ಲ. ನಿಮ್ಮ ಹುಳಿ ಅಂದ್ರೆ ಹುಳಿ ವೆಂಕಟೇಶಣ್ಣ ಎಂದು ಕೈ ಕುಲುಕಿ, ಕೈ ತೊಳೆಯಲು ಹೋಗಿದ್ದರು. ಮೂಗು ಹೋದದ್ದು ದೊಡ್ಡ ದುಃಖ ಎಂದು ನಾನು ತಿಳಿದಿದ್ದೆ. ಅದು ಹೋದದ್ದು ಯಾರಿಗೂ ತಿಳಿಯಲಿಲ್ಲ ಅನ್ನುವುದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ಪುಟ್ಟಣ್ಣ ಸಮಾಧಾನಕ್ಕೆ, "ಕೆಟ್ಟಿದ್ರೆ ಹೇಳ್ತಿದ್ರು ಬಿಡಿ ಅಣ್ಣ" ಎಂದ. ಅದಕ್ಕಿಂತ ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದಿನ ಮದುವೆ ಕುಮಾರಸ್ವಾಮಿ ಲೇಔಟಿನ ಒಂದು ಛತ್ರದಲ್ಲಿ. ಹುಳಿ ಕುದಿದು ಇಳಿದಿತ್ತು. ನಾನು ಹಿಂದೆ ಸರಿದು, "ಇನ್ಮೇಲೆ ನೀನು ನೋಡು" ಎಂದೆ. ಪುಟ್ಟಣ್ಣ ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ದೇವರಿಗೆ ಬಗ್ಗುವ ಹಾಗೆ ಹಬೆಗೆ ಬಗ್ಗಿದ. ಬಹಳ ಹೊತ್ತು ಹಾಗೇ ಇದ್ದ.

"ಹುಳಿ ವಾಸನೆ ಬರ್ತಿದೆ ಅಣ್ಣ."

"ಅದಲ್ಲವೋ. ಉಪ್ಪು?"

"ಉಪ್ಪಿಗೆ ಏನಂತ ನೋಡ್ಬೇಕು? ಮಾವ ನನ್ನನ್ನ ಪಲ್ಯಕ್ಕೆ ಬಿಟ್ಟಿದ್ರು, ಇದು ಹೇಳ್ಕೊಡ್ಲಿಲ್ಲ. ನೀವು ಹೇಳಿ, ಹಂಗೇ ನೋಡ್ತೀನಿ."

ಹೇಳಲು ಬಾಯಿ ತೆರೆದೆ. ಟೆರೇಸಿನ ಮೇಲೆ ಅವರು ನೇರಳೆಹಣ್ಣು, ಚಪ್ಪಲಿ, ಮಣ್ಣು ಎಂದು ಎಷ್ಟು ಸಲೀಸಾಗಿ ಒಬ್ಬರಿಗೊಬ್ಬರು ದಾಟಿಸಿದ್ದರು. ನನ್ನ ಹತ್ತಿರ ಇದ್ದದ್ದು ಎರಡೇ ಮಾತು, ಕಮ್ಮಿ ಮತ್ತು ಸರಿ. ಆ ಎರಡೂ ಮೂಗು ಇದ್ದಾಗ ನಡೆಯುತ್ತಿದ್ದ ಮಾತು. ಬೇಳೆ ಹೇಗಾಗುತ್ತದೆ, ಹುಣಿಸೆಹಣ್ಣು ಹೇಗಾಗುತ್ತದೆ ಎಂದು ನೆನೆಸಿಕೊಳ್ಳಲು ಹೋದೆ. ಬರೀ ಹೆಸರುಗಳು ಬಂದವು. ನನಗೆ ಮೂಗು ಇದ್ದಾಗ, ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದವನ ಕತ್ತು ಹಿಡಿದು ಬಗ್ಗಿಸಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಮೇಲಿನಿಂದ ಯಾರೋ ಕೂಗಿದರು. "ಅಣ್ಣ, ಅನ್ನ ಬಡಿಸಿದ್ದಾಯ್ತು, ಹುಳಿ ಎಲ್ಲಿ?"

ಪುಟ್ಟಣ್ಣ ಇನ್ನೂ ಬಗ್ಗಿಯೇ ಇದ್ದ. ಕಣ್ಣು ಮುಚ್ಚಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದ.

"ಏಳೋ ಪುಟ್ಟ" ಎಂದೆ. "ಮುಖ ಸುಟ್ಟೀತು."